ಓದುಗರ ಪ್ರಶ್ನೆ: ಮರುಭೂಮಿ ಚಾರಣದಲ್ಲಿ ನೀರು

ಪ್ರಶ್ನೆ: ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಟಾಂಟೊ ಟ್ರೇಲ್ ಹಿಡಿದು ಮೂರು ದಿನ ನಡೆಯಬೇಕೆಂದಿದ್ದೇವೆ. ನಕ್ಷೆಯಲ್ಲಿ ಅಲ್ಲಲ್ಲಿ ಹಳ್ಳಗಳಿವೆ. ಅವನ್ನು ನಂಬಿ ಕಡಿಮೆ ನೀರು ಹೊತ್ತರೆ ಸಾಕೇ?
– ಓದುಗರು, ಫೀನಿಕ್ಸ್

ಉತ್ತರ: ಖಂಡಿತ ಸಾಲದು. ಅಲ್ಲಿನ ಬಹಳಷ್ಟು ಹಳ್ಳಗಳು ಮಳೆ, ಹಿಮ ನಿಂತ ಮೇಲೆ ಬತ್ತುತ್ತವೆ; ಜೂನ್‌ನಲ್ಲಿ ಹೋದರೆ ಬರಿಗಲ್ಲು. ಯಾವ ಹಳ್ಳದಲ್ಲಿ ನೀರಿದೆಯೆಂದು ಹೊರಡುವ ವಾರದಲ್ಲೇ ಪಾರ್ಕಿನ ಬ್ಯಾಕ್‌ಕಂಟ್ರಿ ಕಚೇರಿಯಲ್ಲಿ ಕೇಳಿ. ತಲಾ ದಿನಕ್ಕೆ ಕನಿಷ್ಠ 4 ಲೀಟರ್ ಲೆಕ್ಕ ಹಿಡಿಯಿರಿ. ಮುಂದಿನ ಹಳ್ಳ ಒಣಗಿದ್ದರೆ ಹಿಂದಿನದಕ್ಕೆ ಮರಳುವಷ್ಟು ನೀರು ಚೀಲದಲ್ಲಿ ಇರಲೇಬೇಕು.

ಜೊಂಡು ಬೆಳೆದಲ್ಲಿ ನೀರು ಮೇಲೆಯೇ ಇರುವ ಸಂಭವ ಹೆಚ್ಚು. ಕಾಟನ್‌ವುಡ್ ಮರ ಆಳದ ತೇವದಲ್ಲೂ ಬದುಕುತ್ತದೆ, ಅದೊಂದನ್ನೇ ನಂಬಬೇಡಿ. ಮಳೆಯ ಮರುದಿನ ನೆರಳಿನ ಬಂಡೆಗಳಲ್ಲಿ ದೊಣೆ ಹುಡುಕಿ. ಲೋಟದಲ್ಲಿ ಮೊಗೆಯಿರಿ, ಸನ್‌ಸ್ಕ್ರೀನ್ ಹಚ್ಚಿದ ಕೈ ಅದ್ದಬೇಡಿ. ಆ ನೀರು ಅಲ್ಲಿನ ಜೀವಿಗಳದ್ದೂ ಹೌದು. ಚಿಲುಮೆ ತೋಡುವುದಾದರೆ ಹಳ್ಳ ತಿರುಗುವಲ್ಲಿ, ಹೊರದಂಡೆಯ ಬುಡದಲ್ಲಿ, ಬೆಳಗಿನ ತಂಪಿನಲ್ಲಿ ತೋಡಿ. ಒಂದೂವರೆ ಅಡಿಗೂ ಮರಳು ಹಸಿಯಾಗದಿದ್ದರೆ ಬಿಡಿ. ಬಿಸಿಲಲ್ಲಿ ಅಗೆಯುವವರಿಗೆ ಗಂಟೆಗೆ ಒಂದು ಲೀಟರ್ ಬೆವರು ಹರಿಯಬಹುದು.

ಇದೇ ದಾರಿಯಲ್ಲಿ ಸಿಗುವ ಹಾರ್ನ್ ಕ್ರೀಕ್ ಎಂಬ ಹಳ್ಳದಲ್ಲಿ ನೀರು ಹರಿಯುತ್ತಿದ್ದರೂ ಕುಡಿಯಬೇಡಿ. ಅದರ ಮೇಲ್ಭಾಗದಲ್ಲಿ ಹಳೆಯ ಯುರೇನಿಯಂ ಗಣಿಯಿದೆ, ನೀರಿನಲ್ಲಿ ಯುರೇನಿಯಂ ಇದೆ. ಕುದಿಸಿದರೆ ಅದು ಹೋಗುವುದಿಲ್ಲ, ಸಾಮಾನ್ಯ ಫಿಲ್ಟರಿಗೂ ಸಿಗುವುದಿಲ್ಲ.

ಉಳಿದ ನೀರನ್ನು ಕೊತಕೊತ 1 ನಿಮಿಷ ಕುದಿಸಿದರೆ ಸಾಕು. 2,000 ಮೀಟರ್‌ಗಿಂತ ಎತ್ತರದಲ್ಲಿ 3 ನಿಮಿಷ. ಕೊಲರಾಡೊ ನದಿಯ ನೀರಿನಲ್ಲಿ ಕೆಸರಿದ್ದರೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಸಂಜೆಯೇ ಮಡಿಸುವ ಬಕೆಟ್ಟಿಗೆ ತುಂಬಿ, ಚಿಟಿಕೆ ಪಟಿಕದ ಪುಡಿ ಕದಡಿಟ್ಟು, ಬೆಳಗ್ಗೆ ಮೇಲಿನ ತಿಳಿಯನ್ನಷ್ಟೇ ಸೋಸಿ. ಚಳಿಗಾಲವಾದರೆ ಒದ್ದೆ ಫಿಲ್ಟರನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿ. ಒಳಗಿನ ನೀರು ಹೆಪ್ಪುಗಟ್ಟಿದರೆ ಅದರ ಸೂಕ್ಷ್ಮ ಕೊಳವೆಗಳು ಒಡೆಯುತ್ತವೆ. ಹೊರಗೆ ಏನೂ ಕಾಣುವುದಿಲ್ಲ, ನೀರು ಎಂದಿನಂತೆ ಇಳಿಯುತ್ತದೆ, ಜೊತೆಗೆ ರೋಗಾಣುಗಳೂ ಇಳಿಯುತ್ತವೆ.

ಪ್ರಶ್ನೆ: ನೀರು ಮುಗಿದರೆ ಕಳ್ಳಿ ಕೊಯ್ದು ಕುಡಿಯಬಹುದೇ?

ಉತ್ತರ: ಬೇಡ. ಡೋಲಿನಾಕಾರದ ಬ್ಯಾರೆಲ್ ಕಳ್ಳಿಯೊಳಗೆ ಇರುವುದು ನೀರಲ್ಲ, ಹುಳಿ ತಿರುಳು. ಅದರಲ್ಲಿನ ಆಕ್ಸಲಿಕ್ ಆಮ್ಲದಿಂದ ಹೊಟ್ಟೆ ತೊಳಸಿ ವಾಂತಿಯಾದರೆ ಮೈಯಲ್ಲಿದ್ದ ನೀರೂ ಹೋಗುತ್ತದೆ. ನೆರಳು ಸೇರಿ, ಬಿಸಿಲು ಇಳಿಯುವವರೆಗೆ ನಡೆಯಬೇಡಿ. ಇನ್ನೂ ಸ್ವಲ್ಪ ನೀರಿದ್ದರೆ ನಾಳೆಗೆಂದು ಎತ್ತಿಡದೆ ಬಾಯಾರಿದಂತೆ ಕುಡಿಯಿರಿ.