ಕುತ್ತಿಗೆಯ ನರುಳ್ಳೆಗೂ ಕರುಳಿನ ಪಾಲಿಪ್‌ಗೂ ನಂಟಿದೆಯಾ?

ಪ್ರಶ್ನೆ: ನನಗೆ 47 ವರ್ಷ. ಈಚೆಗೆ ಕುತ್ತಿಗೆ ಸುತ್ತ, ಕಂಕುಳಲ್ಲಿ ಸಣ್ಣ ಸಣ್ಣ ನರುಳ್ಳೆಗಳು (ಸ್ಕಿನ್ ಟ್ಯಾಗ್) ಎದ್ದಿವೆ. ನೋವಿಲ್ಲ, ತುರಿಕೆ ಇಲ್ಲ. ಇವು ಇದ್ದವರಿಗೆ ದೊಡ್ಡ ಕರುಳಿನಲ್ಲೂ ಪಾಲಿಪ್ (ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು) ಇರುತ್ತದೆ, ಅದು ಮುಂದೆ ಕ್ಯಾನ್ಸರ್ ಆಗುತ್ತದೆ ಅಂತ ಓದಿದೆ. ಅವತ್ತಿನಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ. ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ) ಮಾಡಿಸಲೇಬೇಕಾ?

ಉತ್ತರ: ನರುಳ್ಳೆ ಇದೆ ಅನ್ನೋ ಒಂದೇ ಕಾರಣಕ್ಕೆ ಬೇಡ. ನಿಶ್ಚಿಂತೆಯಿಂದ ಮಲಗಿ.

ನೀವು ಓದಿದ್ದು ಪೂರ್ತಿ ಕಟ್ಟುಕತೆಯೇನಲ್ಲ. 1980ರ ದಶಕದ ಆರಂಭದಲ್ಲಿ ಕೆಲವು ವೈದ್ಯರು ಕರುಳಿನ ಪರೀಕ್ಷೆಗೆ ಬಂದವರ ಮೈಯನ್ನೂ ಗಮನಿಸಿ, ಪಾಲಿಪ್ ಇದ್ದವರಲ್ಲಿ ನರುಳ್ಳೆಯೂ ಜಾಸ್ತಿ ಕಾಣುತ್ತಿದೆ ಎಂದು ವರದಿ ಮಾಡಿದರು. ಆದರೆ ಅವರು ನೋಡಿದ್ದು ಹೆಚ್ಚಾಗಿ ಯಾವುದೋ ತೊಂದರೆ ಇಟ್ಟುಕೊಂಡೇ ಬಂದವರನ್ನು. ಆಮೇಲೆ ಏನೂ ತೊಂದರೆ ಇಲ್ಲದ ಜನರನ್ನು ಪರೀಕ್ಷಿಸಿದಾಗ ಆ ನಂಟು ನಿಲ್ಲಲಿಲ್ಲ. ವಯಸ್ಸಾದಂತೆ ಎರಡೂ ಹೆಚ್ಚುತ್ತವೆ, ತೂಕ ಜಾಸ್ತಿ ಇದ್ದವರಲ್ಲೂ ಎರಡೂ ಹೆಚ್ಚು, ಹಾಗಾಗಿ ಒಬ್ಬರಲ್ಲೇ ಎರಡೂ ಸಿಕ್ಕರೆ ಒಂದರಿಂದ ಇನ್ನೊಂದು ಬಂತು ಅಂತ ಹೇಳೋಕಾಗಲ್ಲ ಅಲ್ವಾ? ನರುಳ್ಳೆ ಅಂದರೆ ಚರ್ಮದ ಹೊದಿಕೆಯೊಳಗೆ ಸಡಿಲವಾದ ನಾರು, ಒಂದಿಷ್ಟು ಸಣ್ಣ ರಕ್ತನಾಳ. ಕ್ಯಾನ್ಸರ್‌ಗೆ ತಿರುಗಬಲ್ಲ ಪಾಲಿಪ್ ಹುಟ್ಟುವುದು ಕರುಳಿನ ಒಳಪದರದ ಗ್ರಂಥಿಗಳ ಜೀವಕೋಶಗಳಿಂದ. ಎರಡೂ ತೊಟ್ಟಿನಲ್ಲಿ ನೇತಾಡಬಹುದು, ಹೋಲಿಕೆ ಅಷ್ಟೇ.

ನರುಳ್ಳೆ ನಿಜವಾಗಿ ಬೆರಳು ತೋರಿಸುವುದು ಸಕ್ಕರೆ ಕಡೆಗೆ. ಇದನ್ನು ಜನ ಗಮನಿಸುವುದೇ ಇಲ್ಲ, ನನಗೆ ಬೇಜಾರು ಅದೇ. ಕನ್ನಡಿ ಮುಂದೆ ನಿಂತು ಕುತ್ತಿಗೆಯ ಹಿಂಭಾಗ ನೋಡಿಕೊಳ್ಳಿ, ಅಥವಾ ಮನೆಯವರಿಗೆ ತೋರಿಸಿ. ಚರ್ಮ ಕಪ್ಪಾಗಿ, ದಪ್ಪಗಾಗಿ, ಮುಟ್ಟಿದರೆ ಮಖಮಲ್ಲಿನಂತೆ ಇದೆಯಾ? ಎಷ್ಟು ಉಜ್ಜಿದರೂ ಹೋಗದ ಆ ಕಪ್ಪು ಕೊಳೆಯಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು ಅದಾಗಿರಬಹುದು. ಅದು ಇಲ್ಲದಿದ್ದರೂ ಸರಿ, ಇಷ್ಟು ನರುಳ್ಳೆ ಎದ್ದಿರುವಾಗ ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ) ಪರೀಕ್ಷೆ ಮಾಡಿಸಿ.

ಚರ್ಮ ನೋಡಿ ಕರುಳಿನ ಬಗ್ಗೆ ಯೋಚಿಸಬೇಕಾದ ಕಾಯಿಲೆಗಳು ಇಲ್ಲವೇ ಇಲ್ಲ ಅಂತಲ್ಲ, ಇವೆ, ಆದರೆ ಅಪರೂಪ, ಮತ್ತು ವಂಶದಲ್ಲಿ ಹರಿದು ಬರುವಂಥವು. ಗಾರ್ಡ್ನರ್ ಸಿಂಡ್ರೋಮ್‌ನಲ್ಲಿ ಚಿಕ್ಕ ವಯಸ್ಸಿನಲ್ಲೇ ಮುಖ, ತಲೆಯ ಮೇಲೆ ಗಂಟುಗಳು, ದವಡೆಯ ಮೂಳೆಯಲ್ಲಿ ಉಬ್ಬು, ಕರುಳಿನಲ್ಲಿ ನೂರಾರು ಪಾಲಿಪ್. ಮ್ಯೂರ್-ಟೋರೆಯಲ್ಲಿ ಮುಖದ ಎಣ್ಣೆ ಗ್ರಂಥಿಗಳಿಂದ ಹಳದಿ ಗುಳ್ಳೆ. ಪ್ಯೂಟ್ಸ್-ಜೆಗರ್ಸ್‌ನಲ್ಲಿ ತುಟಿ ಮೇಲೆ, ಬಾಯೊಳಗೆ ಕಪ್ಪು ಚುಕ್ಕೆಗಳು. ನೀವು ಬರೆದಿರುವ ನರುಳ್ಳೆ ಇದ್ಯಾವುದೂ ಅಲ್ಲ.

ಇನ್ನು ನಿಮ್ಮ ವಯಸ್ಸಿನ ಮಾತು. ಕರುಳಿನ ಕ್ಯಾನ್ಸರ್ ತಪಾಸಣೆಯನ್ನು 50ರ ಬದಲು 45ಕ್ಕೇ ಶುರುಮಾಡಿ ಎಂದು ಅಮೆರಿಕದ ತಜ್ಞರ ಕಾರ್ಯಪಡೆ 2021ರಲ್ಲಿ ಹೇಳಿತು. ನಿಮಗೆ 47. ಹಾಗಾಗಿ ನರುಳ್ಳೆ ಇರಲಿ ಬಿಡಲಿ, ವೈದ್ಯರ ಹತ್ತಿರ ಈ ಮಾತು ಎತ್ತಿ. ನೇರವಾಗಿ ಕೊಲೊನೋಸ್ಕೋಪಿಯೇ ಆಗಬೇಕೆಂದಿಲ್ಲ, ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ಫಿಟ್ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸಬಹುದು. ಅದರಲ್ಲಿ ರಕ್ತ ಕಂಡರೆ ಮಾತ್ರ ಕೊಲೊನೋಸ್ಕೋಪಿ ತಪ್ಪಿಸಬೇಡಿ. ಪಾಲಿಪ್ ಸಿಕ್ಕರೆ ಸಾಮಾನ್ಯವಾಗಿ ಆಗಲೇ ತಂತಿಯ ಕುಣಿಕೆ ಹಾಕಿ ತೆಗೆಯುತ್ತಾರೆ. ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಬೇಕು, ಎಲ್ಲವೂ ಆಗುವುದೂ ಇಲ್ಲ.

ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತಾ? ಇದ್ದರೆ ಲೆಕ್ಕ ಬೇರೆ, 40ಕ್ಕೇ ಅಥವಾ ಅವರಿಗೆ ಗೊತ್ತಾದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ಪರೀಕ್ಷೆ ಶುರುವಾಗಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ರಕ್ತಹೀನತೆ, ತೂಕ ಇಳಿಯುವುದು, ಮಲವಿಸರ್ಜನೆಯ ರೀತಿ ಬದಲಾಗಿ ವಾರಗಟ್ಟಲೆ ಹಾಗೇ ಇರುವುದು, ಇವಿದ್ದರೆ ವಯಸ್ಸು ಎಣಿಸುತ್ತಾ ಕೂರಬೇಡಿ.

ಪ್ರಶ್ನೆ: ನರುಳ್ಳೆಗೆ ದಾರ ಬಿಗಿದು ಉದುರಿಸಬಹುದಾ? ಕಿತ್ತರೆ ಇನ್ನೂ ಹರಡುತ್ತವಂತೆ?

ಉತ್ತರ: ಹರಡುವುದಿಲ್ಲ. ಆದರೆ ಮನೆಯಲ್ಲಿ ಸುಮ್ನೆ ಕೈ ಹಾಕಬೇಡಿ, ಕೀವಾಗಬಹುದು, ಸಕ್ಕರೆ ಕಾಯಿಲೆ ಇದ್ದವರಿಗಂತೂ ಗಾಯ ಬೇಗ ಮಾಯುವುದಿಲ್ಲ. ಚರ್ಮದ ವೈದ್ಯರು ಕತ್ತರಿಸಿಯೋ ಸುಟ್ಟೋ ಕೆಲವೇ ನಿಮಿಷದಲ್ಲಿ ತೆಗೆಯುತ್ತಾರೆ. ಬಣ್ಣ ಬದಲಾದ, ತಾನಾಗಿ ರಕ್ತ ಬರುವ, ಬೇಗ ಬೇಗ ಬೆಳೆಯುವ ಗಂಟನ್ನು ಮಾತ್ರ ನರುಳ್ಳೆ ಅಂತ ನೀವೇ ತೀರ್ಮಾನಿಸಬೇಡಿ, ತೆಗೆಸುವ ಮೊದಲೇ ಅವರಿಗೆ ತೋರಿಸಿ.