ಹದಿನಾರು ಗಂಟೆ ಅನ್ನೋ ಲೆಕ್ಕ ನಂಬಬೇಡಿ

ಕೆಲಸಕ್ಕೆ ಅಂತ ಅಮೆರಿಕಕ್ಕೆ ಹೊರಟಿರೋ ನೀವು, ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 14,000 ಕಿ.ಮೀ., ಹದಿನಾರು ಗಂಟೆ ಅಂತ ಫೋನ್ ತೋರಿಸುತ್ತೆ, ಮನೆಯಲ್ಲಿ ಯಾರಿಗಾದ್ರೂ ಏನಾದ್ರೂ ಆದ್ರೆ ಒಂದೇ ದಿನದಲ್ಲಿ ಶಿವಮೊಗ್ಗ ಮುಟ್ಟಬಹುದಲ್ವಾ ಅಂತ ಕೇಳಿದ್ದೀರಿ. ಜೊತೆಗೆ ಇಲ್ಲಿನ ಚಳಿ, ಮನೆ ಬಾಡಿಗೆ ಬಗ್ಗೆಯೂ. ಚಳಿಗೆ ಒಂದು ಜಾಕೆಟ್ ಸಾಕು. ಬಾಡಿಗೆ ಜಾಸ್ತಿನೇ, ಬಂದ ಮೇಲೆ ಯಾರ ಜೊತೆಗಾದ್ರೂ ಸೇರಿಕೊಳ್ಳಿ. ದಾರಿ ಲೆಕ್ಕ ಮಾತ್ರ ಹೊರಡೋ ಮುಂಚೆಯೇ ಗೊತ್ತಿರಲಿ.

14,000 ಅನ್ನೋದು ಗ್ಲೋಬ್ ಮೇಲೆ ದಾರ ಬಿಗಿಹಿಡಿದಾಗ ಬರೋ ದೂರ. ಆ ದಾರ ಸೈಬೀರಿಯಾ ದಾಟಿ, ಆರ್ಕ್ಟಿಕ್ ಅಂಚು ಸವರಿ, ಅಲಾಸ್ಕಾ ಕಡೆಯಿಂದ ಇಳಿಯುತ್ತೆ. ವಿಮಾನ ಹಾಗೇ ಹಾರೋದಿಲ್ಲ. ಗಾಳಿ ನೋಡಬೇಕು, 2022ರಿಂದ ಅಮೆರಿಕದ ಏರ್‌ಲೈನ್‌ಗಳಿಗೆ ರಷ್ಯಾದ ಆಕಾಶವೂ ಬಂದ್. ನಿಮಗೆ ಸಿಗೋದು ಹೆಚ್ಚಾಗಿ ಒಂದು ಕಡೆ ಇಳಿದು ಹತ್ತೋ ಟಿಕೆಟ್. ದುಬೈ ಮೇಲೆ ಬಂದರೆ ನಾಲ್ಕು ಗಂಟೆ, ಮತ್ತೆ ಹದಿನಾರು. ಮಧ್ಯೆ ಕಾಯೋದು ಮೂರು-ನಾಲ್ಕು. ಒಟ್ಟು ಇಪ್ಪತ್ನಾಲ್ಕು ಅಂತಲೇ ಇಟ್ಟುಕೊಳ್ಳಿ. ಟಿಕೆಟ್ ಮೇಲಿನ ಸಮಯ ಆಯಾ ಊರಿನದು. ಭಾರತಕ್ಕೂ ಸ್ಯಾನ್ ಫ್ರಾನ್ಸಿಸ್ಕೋಗೂ ವ್ಯತ್ಯಾಸ ಚಳಿಗಾಲದಲ್ಲಿ 13:30 ಗಂಟೆ, ಬೇಸಿಗೆಯಲ್ಲಿ 12:30.

ಅಗ್ಗ ಅಂತ ಡೆಲ್ಲಿವರೆಗೆ ಒಂದು, ಅಲ್ಲಿಂದ ಇನ್ನೊಂದು ಅಂತ ಬೇರೆ ಬೇರೆ ಪಿಎನ್‌ಆರ್ ಮಾಡಿಸಬೇಡಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಆ ದುಡ್ಡು ಹೋದ ಹಾಗೇ, ಯಾರೂ ಹೊಣೆಯಲ್ಲ. ಲಗೇಜೂ ಅಷ್ಟೇ: ಅಮೆರಿಕ ಟಿಕೆಟ್‌ಗೆ ಸಾಮಾನ್ಯವಾಗಿ 23 ಕೆಜಿಯ ಎರಡು ಪೆಟ್ಟಿಗೆ, ಬರೀ ಡೊಮೆಸ್ಟಿಕ್ ಟಿಕೆಟ್‌ಗೆ ಬಹುತೇಕ 15 ಕೆಜಿ. ಅಮೆರಿಕದೊಳಗೆ ಇನ್ನೊಂದು ವಿಮಾನ ಹಿಡಿಯೋದಿದ್ರೆ, ಮೊದಲು ಇಳಿದ ಊರಲ್ಲೇ ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆ ತಗೊಂಡು ಮತ್ತೆ ಕೊಡಬೇಕು. ಅದಕ್ಕೆ ಮೂರು ಗಂಟೆಯಾದ್ರೂ ಬಿಡಿ.

ಈಗ ನೀವು ಕೇಳಿದ "ಏನಾದ್ರೂ ಆದ್ರೆ". ಜನವರಿ ತಿಂಗಳು, ಗುರುವಾರ ರಾತ್ರಿ ಒಂಬತ್ತಕ್ಕೆ ಫೋನ್ ಬಂತು ಅಂದುಕೊಳ್ಳಿ. ಊರಲ್ಲಿ ಆಗ ಶುಕ್ರವಾರ ಬೆಳಿಗ್ಗೆ ಹತ್ತೂವರೆ. ಆ ರಾತ್ರಿಯ ವಿಮಾನದಲ್ಲಿ ಸೀಟು ಸಿಗದೆ ಮಾರನೇ ದಿನ ಸಂಜೆ ನಾಲ್ಕಕ್ಕೆ ಹೊರಟರೆ ಊರಲ್ಲಿ ಶನಿವಾರ ಬೆಳಗಿನ ಜಾವ ಐದೂವರೆ. ದೇವನಹಳ್ಳಿಯಲ್ಲಿ ಇಳಿಯೋದು ಭಾನುವಾರ ಬೆಳಿಗ್ಗೆ ಐದೂವರೆಗೆ. ಹೊರಗೆ ಬಂದು, ತುಮಕೂರು ರಸ್ತೆ ಹಿಡಿದು ಮನೆ ಬಾಗಿಲಿಗೆ ಬರೋ ಹೊತ್ತಿಗೆ ಮಧ್ಯಾಹ್ನ ಒಂದು. ಶಿವಮೊಗ್ಗದಲ್ಲೇ ಈಗ ವಿಮಾನ ನಿಲ್ದಾಣ ಇದೆ, ಆದರೆ ಹೊತ್ತು ಕೂಡಿಬರಬೇಕಲ್ಲ. ಐವತ್ತು ಗಂಟೆ ದಾಟಿತು. ನಮ್ಮ ಕಡೆ ಶವವನ್ನು ಎಷ್ಟು ಹೊತ್ತು ಇಟ್ಟುಕೊಳ್ತಾರೆ ಅಂತ ನಿಮಗೆ ಗೊತ್ತೇ ಇದೆ.

ಆದ್ದರಿಂದ ಹೊರಡೋ ಮುಂಚೆ ಅಣ್ಣನ ಹತ್ತಿರವೋ ಚಿಕ್ಕಪ್ಪನ ಹತ್ತಿರವೋ ಕೂತು ಮಾತಾಡಿ: ಕಾಯಬೇಕಾ, ಬೇಡವಾ, ಕಾದರೆ ಎಷ್ಟು ಹೊತ್ತು, ಫ್ರೀಜರ್ ಬಾಕ್ಸ್ ಎಲ್ಲಿಂದ ತರಿಸೋದು, ನೀವಿಲ್ಲದಿದ್ರೆ ಕೊಳ್ಳಿ ಇಡೋದು ಯಾರು. ಕೇಳೋಕೆ ಕೆಟ್ಟದಾಗಿದೆ, ಅಮ್ಮ ಬೈತಾರೆ. ಬೈಸಿಕೊಳ್ಳಿ. ಆ ಹೊತ್ತಲ್ಲಿ ಫೋನಿನಲ್ಲಿ ಇದನ್ನು ತೀರ್ಮಾನ ಮಾಡೋದು ಯಾರಿಂದಲೂ ಆಗದ ಕೆಲಸ, ಮಾಡಿದರೂ ಅದು ಮನಸ್ಸಿನಿಂದ ಹೋಗೋದಿಲ್ಲ.

ಇನ್ನು ವೀಸಾ. ಎಚ್-1ಬಿ, ಅಂದ್ರೆ ಅಮೆರಿಕದ ಕೆಲಸದ ವೀಸಾ, ವಿಸ್ತರಣೆಯಾಗಿ ಹೊಸ ಐ-797 (ಒಪ್ಪಿಗೆ ಪತ್ರ) ಬಂದರೆ ಅದು ಅಮೆರಿಕದಲ್ಲಿ ಇರೋದಕ್ಕೆ ಮಾತ್ರ. ಪಾಸ್‌ಪೋರ್ಟಿನ ಸ್ಟಾಂಪಿಂಗ್, ಅಂದ್ರೆ ಅದರಲ್ಲಿ ಅಂಟಿಸಿರೋ ವೀಸಾ ಅವಧಿ ಮುಗಿದಿದ್ರೆ, ಊರಿಗೆ ಹೋದವರು ಅಮೆರಿಕದ ಕಾನ್ಸುಲೇಟಿನಲ್ಲಿ ಮತ್ತೆ ಸ್ಟಾಂಪ್ ಮಾಡಿಸಿಯೇ ವಾಪಸ್ ಬರಬೇಕು. ಎಷ್ಟೋ ಜನ ಹೊರಡೋಕೆ ಹಿಂದೆಮುಂದೆ ನೋಡೋದು ಇದಕ್ಕೇ. ಆ ತಾರೀಕನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಂಡು, ಮುಗಿಯೋ ಮುಂಚಿನ ರಜೆಗೇ ಒಮ್ಮೆ ಊರಿಗೆ ಹೋಗಿ ಕೆಲಸ ಮುಗಿಸಿಕೊಳ್ಳಿ.