ಅರ್ಥಶಾಸ್ತ್ರಜ್ಞರನ್ನು ಯಾವಾಗ ಕರೆಯಬೇಕು?

ಪ್ರಶ್ನೆ: ಮೇಡಂ, ನಾನು ಪರಿಸರ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಕಾಡು ನೀರನ್ನು ಹೇಗೆ ಸೋಸಿ ಕೊಡುತ್ತದೆ, ಅದರಿಂದ ಕೆಳಗಿನ ಜನರಿಗೆ ಏನು ಅನುಕೂಲ ಎಂಬುದು ನಮ್ಮ ಯೋಜನೆ. ತಂಡದಲ್ಲಿ ಜಲವಿಜ್ಞಾನಿ, ಅರ್ಥಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು ಎಲ್ಲ ಇದ್ದಾರೆ. ಅವರವರ ಅಧ್ಯಾಯ ಅವರವರು ಬರೆಯುತ್ತಾರೆ. ಸೇರಿಸಲು ಹೋದರೆ ಒಂದಕ್ಕೊಂದು ಕೂಡುವುದೇ ಇಲ್ಲ. ಏನು ಮಾಡಲಿ?
– ಸಂಶೋಧನಾ ವಿದ್ಯಾರ್ಥಿನಿ

ಉತ್ತರ: ಮೊದಲು ಒಂದು ವಿಷಯ ನೆನಪು ಮಾಡಿಕೊಳ್ಳಿ. ಯೋಜನೆಯ ಪ್ರಶ್ನೆಯನ್ನು ಬರೆದವರು ಯಾರು? ನಾನು ನೋಡಿದ ಬಹಳಷ್ಟು ತಂಡಗಳಲ್ಲಿ ವಿಜ್ಞಾನದವರು ಪ್ರಶ್ನೆ ಬರೆದು, ಅಳತೆಯನ್ನೂ ಮುಗಿಸಿ, ಆಮೇಲೆ ‘ಇದಕ್ಕೊಂದು ಬೆಲೆ ಕಟ್ಟಿಕೊಡಿ’ ಎಂದು ಅರ್ಥಶಾಸ್ತ್ರಜ್ಞರನ್ನು ಕರೆಯುತ್ತಾರೆ. ಇದನ್ನು ಸಹಯೋಗ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಕೆಲಸ ವಹಿಸಿದ್ದು, ಅಷ್ಟೇ.

ಫ್ರಾನ್ಸಿನ ವಿಟ್ಟೆಲ್‌ನಲ್ಲಿ ನಡೆದದ್ದನ್ನು ನೋಡಿ. 1980ರ ದಶಕದಲ್ಲಿ ಅಲ್ಲಿನ ಮಿನರಲ್ ವಾಟರ್ ಸೆಲೆಗೆ ನೈಟ್ರೇಟ್ ಸೇರುವ ಭಯ ಹುಟ್ಟಿತು. ಸುತ್ತಲಿನ ಹೊಲಗಳಲ್ಲಿ ಮೆಕ್ಕೆಜೋಳ, ಗೊಬ್ಬರ ಎರಡೂ ಜಾಸ್ತಿಯಾಗಿದ್ದವು. ಬೇಸಾಯ ಬದಲಿಸುವ ರೈತರಿಗೆ ಆಗುವ ನಷ್ಟಕ್ಕೆ ನೀರು ಮಾರುವ ಕಂಪನಿ ದುಡ್ಡು ಕೊಟ್ಟರೆ ಮುಗಿಯಿತು ಅನ್ನಿಸುತ್ತದೆ, ಅಲ್ವಾ? ಆದರೆ ಫ್ರಾನ್ಸಿನ ರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯವರು ಬೇರೆ ದಾರಿ ಹಿಡಿದರು. ನೈಟ್ರೇಟ್ ಇಳಿಯಲು ಬೇಸಾಯದಲ್ಲಿ ಏನೇನು ಬದಲಾಗಬೇಕು ಎಂದು ಲೆಕ್ಕ ಹಾಕುವಾಗಲೇ, ರೈತರು ಯಾಕೆ ಹೀಗೆ ಬೇಸಾಯ ಮಾಡುತ್ತಾರೆ, ಯಾವ ಷರತ್ತಿಗೆ ಬದಲಾಗುತ್ತಾರೆ ಎಂದೂ ವಿಚಾರಿಸಿದರು. ರೈತರನ್ನು ಕಟ್ಟಿಹಾಕಿದ್ದು ಜಮೀನಿಗಾಗಿ ಮಾಡಿದ ಸಾಲ ಎಂದು ಗೊತ್ತಾಯಿತು. ಹಾಗಾಗಿ ಒಪ್ಪಂದದಲ್ಲಿ ನಗದಿನ ಜತೆಗೆ ಆ ಸಾಲ ತೀರಿಸುವುದೂ ಸೇರಿತು. ಕಂಪನಿ ಕೊಂಡ ಜಮೀನನ್ನು ರೈತರು ಬಿಟ್ಟಿಯಾಗಿ ಬಳಸಬಹುದಿತ್ತು. ಹೊಲಕ್ಕೆ ಕಾಂಪೋಸ್ಟ್ ಹಾಕಿಸುವ ಹೊಣೆಯೂ ಕಂಪನಿಯದೇ. ಕರಾರು 18ರಿಂದ 30 ವರ್ಷದ್ದು. ಬರೀ ನೀರಿನ ಸ್ಯಾಂಪಲ್ ನೋಡಿದವರಿಗೆ ಸಾಲದ ವಿಷಯ ಹೊಳೆಯುತ್ತಿರಲಿಲ್ಲ. ಬರೀ ಸಾಲ ನೋಡಿದವರಿಗೆ ಮೆಕ್ಕೆಜೋಳ ಬಿಡಲೇಬೇಕು ಎಂದು ತಿಳಿಯುತ್ತಿರಲಿಲ್ಲ.

ನಿಮ್ಮ ಕೆಲಸ ಅರ್ಧ ದಾರಿಗೆ ಬಂದಿದೆ. ಆದರೂ ಸರಿಮಾಡಬಹುದು. ತಂಡದವರನ್ನೆಲ್ಲ ಒಂದೇ ನಕ್ಷೆಯ ಮುಂದೆ ಕೂರಿಸಿ. ಜಲವಿಜ್ಞಾನಿ ಜಲಾನಯನದ ಗಡಿ ಎಳೆಯುತ್ತಾರೆ. ಅರ್ಥಶಾಸ್ತ್ರಜ್ಞರ ಸರ್ವೆ ಮನೆಮನೆಯದು. ಜನಗಣತಿಯ ಅಂಕಿಗಳು ಆಡಳಿತದ ಗಡಿಯಂತೆ ಇರುತ್ತವೆ. ನೀವು ಮಣ್ಣಿನ ಸ್ಯಾಂಪಲ್ ತೆಗೆದ ಜಾಗವೋ ಕೆಲವೇ ಮೀಟರ್. ಅಧ್ಯಾಯಗಳು ಕೂಡದೇ ಇರುವುದು ಹೆಚ್ಚಾಗಿ ಇಲ್ಲೇ. ಯಾವ ತೊರೆಯ ನೀರು ಯಾವ ಮನೆಗೆ ಹೋಗುತ್ತದೆ ಎಂದು ನಕ್ಷೆಯಲ್ಲಿ ತೋರಿಸಲಾಗದಿದ್ದರೆ, ಎಷ್ಟು ಒಳ್ಳೆಯ ಕಂಪ್ಯೂಟರ್ ಮಾದರಿ ತಂದರೂ ಉಪಯೋಗವಿಲ್ಲ. ಕಾಲವನ್ನೂ ನೋಡಿ. ನೀರನ್ನು ವರ್ಷವಿಡೀ ಅಳೆದು, ಮನೆ ಸರ್ವೆಯನ್ನು ಬೇಸಿಗೆಯಲ್ಲಷ್ಟೇ ಮುಗಿಸಿದ್ದರೆ ಎರಡನ್ನೂ ಹೋಲಿಸುವುದು ಕಷ್ಟ.

ಎಲ್ಲವೂ ಹೊಂದುವ ಒಂದು ಚಿಕ್ಕ ಉಪಜಲಾನಯನ ಆರಿಸಿಕೊಳ್ಳಿ. ಅಲ್ಲಿ ಮಾತ್ರ ಮನೆ ಸರ್ವೆ ಮತ್ತೆ ಮಾಡಿಸಿ. ಪ್ರಶ್ನೆಪಟ್ಟಿ ತಯಾರಿಸುವಾಗ ನೀವೂ ಕೂತಿರಿ, ನಿಮ್ಮ ಸ್ಯಾಂಪಲ್ ಜಾಗಕ್ಕೆ ಸಮಾಜಶಾಸ್ತ್ರಜ್ಞರನ್ನೂ ಕರೆದುಕೊಂಡು ಹೋಗಿ. ಲೇಖನದಲ್ಲಿ ಯಾರ ಹೆಸರು ಎಲ್ಲಿ ಬರಬೇಕು ಎಂಬುದನ್ನು ಈಗಲೇ ಮಾತಾಡಿ ಬರೆದಿಡಿ. ಇದನ್ನು ಸುಮ್ನೆ ಮುಂದೂಡಬೇಡಿ.

ಪ್ರಶ್ನೆ: ಪ್ರಕೃತಿಯ ಸೇವೆಗಳ ಬೆಲೆ ವರ್ಷಕ್ಕೆ 33 ಲಕ್ಷ ಕೋಟಿ ಡಾಲರ್ ಎಂದು ಓದಿದೆ. ಇದನ್ನು ನಂಬಬಹುದೇ?
– ಒಬ್ಬ ಶಿಕ್ಷಕರು

ಉತ್ತರ: ಇದು ರಾಬರ್ಟ್ ಕೊಸ್ಟಾಂಜಾ ಮತ್ತು ಸಂಗಡಿಗರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕೊಟ್ಟ ಸರಾಸರಿ. ಅವರೇ 16ರಿಂದ 54 ಲಕ್ಷ ಕೋಟಿ ಎಂಬ ಅಂತರವನ್ನೂ ಹೇಳಿದ್ದರು, ಅದನ್ನು ಯಾರೂ ನೆನಪಿಡುವುದಿಲ್ಲ. ಇಡೀ ಜಗತ್ತಿನ ಆದಾಯಕ್ಕಿಂತ ದೊಡ್ಡ ಮೊತ್ತವನ್ನು ಜನ ಕೊಡುವುದು ಹೇಗೆ ಎಂದು ಅರ್ಥಶಾಸ್ತ್ರಜ್ಞರು ಆಕ್ಷೇಪಿಸಿದರು. ಅದು ನ್ಯಾಯವಾದ ಆಕ್ಷೇಪ. ಆದರೂ ಜಗತ್ತಿನ ಕಣ್ಣು ಪ್ರಕೃತಿಯತ್ತ ತಿರುಗಿಸಲು ಆ ಅಂಕಿ ನೆರವಾಯಿತು. ಮಕ್ಕಳಿಗೆ ಹೇಳುವಾಗ ಅಂತರವನ್ನೂ ಸೇರಿಸಿ ಹೇಳಿ. ಒಂದು ಜೌಗು ಪ್ರದೇಶ ಉಳಿಸಬೇಕೇ ಬೇಡವೇ ಎಂದು ತೀರ್ಮಾನಿಸಲು ಮಾತ್ರ ಅದು ಸಾಲದು. ಆ ಜೌಗಿನ ಇಷ್ಟು ಭಾಗ ಹೋದರೆ ಪ್ರವಾಹ ಎಷ್ಟು ಏರುತ್ತದೆ, ಯಾರ ಮನೆಗೆ ನುಗ್ಗುತ್ತದೆ ಎಂಬ ಲೆಕ್ಕ ಬೇಕು.